‘ಸವಾ’ ಅಂದಮೇಲೆ ಹತ್ತು ಎಣಿಸು

ಅನಸೂಯಾ ಮೇಡಂ ಯಾರೊಡನೆ ಮಾತಾಡುತ್ತಿದ್ದರೂ ಅವರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗಿಣ್ಣುಗಳ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ನೈರೋಬಿಯ ಕನ್ನಡಿಗರ ಯುಗಾದಿ ಊಟದಲ್ಲಿ ಅದನ್ನು ಮೊದಲ ಸಲ ಕಂಡಾಗ ಜಪ ಮಾಡುತ್ತಿದ್ದಾರೆಂದುಕೊಂಡು ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಭಕ್ತಿಯಿಂದ ಪಕ್ಕಕ್ಕೆ ಸರಿದು ನಿಂತಿದ್ದೆ. ಅವರೇ, “ಹೊಸಬ ಅಲ್ವೇನಯ್ಯ ನೀನು? ಹೇಗಿದೀಯ?” ಎಂದರು. “ಪರವಾಗಿಲ್ಲ ಮೇಡಂ” ಎಂದೆ. ಅವರು ಏನೂ ಹೇಳದೆ ನನ್ನ ಮುಖವನ್ನೇ ನೋಡುತ್ತ ನಿಂತರು. ಹೆಬ್ಬೆರಳು ಗಿಣ್ಣಿನಿಂದ ಗಿಣ್ಣಿಗೆ ಹೋಗುತ್ತಿತ್ತು. ಆ ಮೌನ ತಡೆಯಲಾರದೆ, ಬಂದು ಮೂರು ತಿಂಗಳಾಯಿತು, ಫ್ಯಾಕ್ಟರಿಯಲ್ಲಿ ಬಾಸ್ ಜೊತೆ ಹೊಂದಿಕೆಯಾಗುತ್ತಿಲ್ಲ, ಹೆಂಡತಿ ದಿನಾ ಅಳುತ್ತಾಳೆ ಎಂದು ಒಂದೇ ಉಸಿರಿಗೆ ಒದರಿಬಿಟ್ಟೆ. ಮೇಡಂ ನಕ್ಕರು. “ಏಳಕ್ಕೇ ಬಂದುಬಿಟ್ಟೆಯಲ್ಲೋ! ಎಷ್ಟೋ ಜನ ಹತ್ತರವರೆಗೂ ತಡ್ಕೋತಾರೆ.”

ಅವರ ಮೂವತ್ತು ವರ್ಷದ ವಿದ್ವತ್ತೆಲ್ಲ ಆ ಹತ್ತು ಗಿಣ್ಣುಗಳಲ್ಲಿತ್ತು. ಮೈಸೂರಿನಲ್ಲಿ ಸಂಜೆ ಕ್ಲಾಸಿನಲ್ಲಿ ರಷ್ಯನ್ ಕಲಿತು, ಸ್ಕಾಲರ್‌ಶಿಪ್ಪಿನ ಮೇಲೆ ಮಾಸ್ಕೋಗೆ ಹೋಗಿ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ಕುಳಿತವರು. “ನಾನು ಥೀಸಿಸ್ ಬರೆದು ಮುಗಿಸೋದ್ರೊಳಗೆ ದೇಶಾನೇ ಮುಗಿದುಹೋಯ್ತು ಕಣಯ್ಯ” ಎನ್ನುತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದು ಹೋಳಾದಮೇಲೆ ಆ ಹೋಳುಗಳಲ್ಲೇ ಊರೂರು ತಿರುಗಿದರು. ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಬಡವರು ಯಾಕೆ ಬಡವರಾದರು, ಸಾಹುಕಾರರು ಹೇಗೆ ಸಾಹುಕಾರರಾದರು, ಇದು ನ್ಯಾಯವೋ ಎಂದು ಕೇಳುವುದೇ ಕೆಲಸ. “ಮೊದಲನೇ ಸಲ ಹೋದಾಗ, ಅವನು ಹೇಗಪ್ಪಾ ಶ್ರೀಮಂತನಾದ ಅಂದ್ರೆ ‘ಕದ್ದ’ ಅಂದ್ರು. ಹತ್ತು ವರ್ಷ ಬಿಟ್ಟು ಅದೇ ಮನೆಗೆ ಹೋದೆ, ‘ಜಾಣ’ ಅಂದ್ರು. ಮನುಷ್ಯ ಅವನೇ ಕಣಯ್ಯ. ಕದ್ದಿದ್ದು ಹಳೇದಾಯ್ತು, ಅಷ್ಟೆ.”

ಹತ್ತು ಎಣಿಸುವುದನ್ನು ಅವರಿಗೆ ಕಲಿಸಿದ್ದು ಚಳಿದೇಶದ ಒಂದು ಗಣಿಯೂರಿನ ಮುದುಕಿ. ಊಟ ಹೇಗೆ, ಪಿಂಚಣಿ ಹೇಗೆ, ಬದುಕು ಹೇಗೆ ಎಂದರೆ ಎಲ್ಲಕ್ಕೂ ಆಕೆಯದು ಒಂದೇ ಉತ್ತರ: ‘ನರ್ಮಾಲ್ನ’. ಅಂದರೆ ನಮ್ಮ ಪರವಾಗಿಲ್ಲ. ಮೇಡಂ ಪೆನ್ನಿನ ಮುಚ್ಚಳ ಸಿಕ್ಕದೆ ಚೀಲದಲ್ಲಿ ತಡಕಾಡುತ್ತ ಒಂದಿಷ್ಟು ಹೊತ್ತು ಸುಮ್ಮನಿದ್ದರಂತೆ. ಮುದುಕಿ ಎದ್ದುಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಒಳಗೆ ತಿನ್ನುವ ವಸ್ತು ಒಂದೂ ಇಲ್ಲ, ಸಾಲುಸಾಲು ಪಿಂಗಾಣಿ ಕಪ್ಪುಗಳು. ಮಗನಿಗೆ ಫ್ಯಾಕ್ಟರಿಯವರು ಸಂಬಳದ ಬದಲು ಕೊಟ್ಟವು. “ಮೊದಲು ಬರೋ ಉತ್ತರ ಮನೆ ಕಾಯೋನು ಕಣಯ್ಯ. ಯಜಮಾನ ಒಳಗಿರ್ತಾನೆ. ಸ್ವಲ್ಪ ಕಾಯಬೇಕು. ನರ್ಮಾಲ್ನ, ಪರವಾಗಿಲ್ಲ, ಇಲ್ಲಿನ ಸವಾ, ಮೂರೂ ಒಂದೇ ಮನೆ ಕಾಯೋರು.” ಇಲ್ಲಿ ಹೇಗಿದ್ದೀಯ ಎಂದರೂ ಸವಾ, ಆಗಬಹುದಾ ಎಂದರೂ ಸವಾ, ಬೈದರೂ ಸವಾ.

ಆ ಮುದುಕಿ ಕೊಟ್ಟ ನಾಲ್ಕು ಕಪ್ಪುಗಳು ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿದ್ದ ಅವರ ಫ್ಲಾಟಿನಲ್ಲಿದ್ದವು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಬಂದು, ನಿವೃತ್ತರಾದಮೇಲೂ ಇಲ್ಲೇ ಉಳಿದಿದ್ದರು. ನಮ್ಮ ಮನೆ ಎರಡು ಬೀದಿ ಆಚೆ. ಗಿಗಿರಿಯ ದೊಡ್ಡ ಕಚೇರಿಯವರು ಬಂದರೂ, ನಲ್ಲಿ ರಿಪೇರಿಯವನು ಬಂದರೂ ಅದೇ ನೀಲಿ ಅಂಚಿನ ಕಪ್ಪಿನಲ್ಲಿ ಕಪ್ಪು ಚಹಾ. ನಾನು ಅದನ್ನು ನೋಡಿ ಮೆಚ್ಚಿದವನೇ ಹೊರತು ಅದರಿಂದ ಏನೂ ಕಲಿತವನಲ್ಲ.

ಒಂದು ರಾಜ್ಯೋತ್ಸವದಲ್ಲಿ ಮೇಡಂ ಎಲ್ಲರಿಗೂ ಚೀಟಿ ಹಂಚಿದರು. ಅದರಲ್ಲಿ ಹತ್ತು ಮೆಟ್ಟಿಲಿನ ಏಣಿಯ ಚಿತ್ರ. ಈ ಊರಿನ ಕಡುಬಡವ ಒಂದರಲ್ಲಿ, ಕುಬೇರ ಹತ್ತರಲ್ಲಿ. ನೀವೆಲ್ಲಿ, ಗುರುತು ಹಾಕಿ ಎಂದರು. ಲಂಗಾಟಾದಲ್ಲಿ ತೋಟದ ಬಂಗಲೆ ಇರುವ ಡಾಕ್ಟರು ಐದಕ್ಕೆ ಹಾಕಿದರು. ಔಷಧಿ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರನಾದ ನಾನೂ ಐದಕ್ಕೆ ಹಾಕಿದೆ. ನನ್ನ ಬಾಸೂ ಐದೇ. ಮೇಡಂ ಮೈಕ್ ಹಿಡಿದು, “ಎಲ್ಲರೂ ಒಂದೇ ಮೆಟ್ಟಿಲ ಮೇಲೆ ನೂಕಾಡ್ತಾ ಇದೀರಲ್ರಪ್ಪಾ, ಮುರಿದು ಬಿದ್ದೀತು ಜೋಕೆ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕೆವು.

ಮೇಡಂ ನಗದೆ ಹೇಳುತ್ತಿದ್ದ ವಿಷಯ ಒಂದೇ ಒಂದಿತ್ತು. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದೂರಿನಲ್ಲಿ ಜನ ತುಂಬಿಸಿದ್ದ ಕಾಗದಗಳ ಪೆಟ್ಟಿಗೆಯನ್ನು ಹೊರಲು ಅಲ್ಲಿನ ಕಚೇರಿಯವನಿಗೆ ಕೊಟ್ಟಿದ್ದರು. ಮುಂದಿನ ವರ್ಷ ಹೋದಾಗ, ಮಾತಾಡಿದ್ದ ಒಬ್ಬ ಹೆಂಗಸು ಬಾಗಿಲು ತೆರೆಯಲಿಲ್ಲ. ಕಚೇರಿಯವನು ಕಾಗದ ಓದಿದ್ದ, ಅವಳ ಕೆಲಸ ಹೋಗಿತ್ತು. ಅಂದಿನಿಂದ ಕಾಗದಗಳನ್ನು ತಾವೇ ಬಟ್ಟೆಚೀಲದಲ್ಲಿ ಹೊತ್ತರು, ಯಾರ ಹೆಸರನ್ನೂ ಬರೆಯಲಿಲ್ಲ. “ಹೆಸರು ಬರೆಯಲ್ಲ, ಯಾರಿಗೂ ಗೊತ್ತಾಗಲ್ಲ. ಈ ಒಂದು ಮಾತು ಸುಳ್ಳಾದ್ರೆ ನನ್ನ ಮೂವತ್ತು ವರ್ಷ ಸುಳ್ಳು” ಎನ್ನುವಾಗ ಅವರ ಕೈ ನಿಂತಿರುತ್ತಿತ್ತು.

ಅವರು ಕೊನೆಯದಾಗಿ ಕೈಗೆತ್ತಿಕೊಂಡದ್ದು ನಮ್ಮನ್ನೇ. ಆ ದೇಶಗಳಲ್ಲಿ ಕೇಳಿದ್ದ ಪ್ರಶ್ನೆಗಳನ್ನು ಸೌತ್ ಸಿಯ ಭಾರತೀಯ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆ ಕೇಳಬೇಕೆಂದು ಹೊರಟರು. ಗೇಟಿನಾಚೆ ತರಕಾರಿ ಅಂಗಡಿಯ ಹಿಂದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಮೈಸೂರು ಧಾಟಿಯ ಸ್ವಾಹಿಲಿಯಲ್ಲಿ ಕೇಳಿ, ಕಾದು, ಬರೆದುಕೊಂಡರು. ಇಪ್ಪತ್ತಾರು ಜನ ಮಾತಾಡಿದರು. ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದು ನಾನೇ ಮುಂದೆ ಬಿದ್ದೆ. ದೊಡ್ಡವರಿಗೆ ಬೇಕಾದವನು ಅನ್ನಿಸಿಕೊಳ್ಳುವ ಚಪಲ. “ಕಾಗದ ಈ ಮನೆ ಬಿಟ್ಟು ಹೋಗಬಾರದು” ಎಂದರು. “ಯಾರದಾದ್ರೂ ಗುರುತು ಸಿಕ್ಕಿದ್ರೆ, ಸಿಗಲಿಲ್ಲ ಅನ್ಕೋ.” ಆಗಲಿ ಎಂದೆ.

ಹದಿನೇಳನೆಯ ಕಾಗದದಲ್ಲಿ ಚಹಾ ಯಾವುದರಲ್ಲಿ ಕುಡಿಯುತ್ತೀಯ ಎಂಬ ಪ್ರಶ್ನೆಯ ಮುಂದೆ ಹೀಗಿತ್ತು: ಅಂಚು ನೆಗ್ಗಿದ ಸ್ಟೀಲ್ ಲೋಟ. ಕಿಟಕಿಯ ಹೊರಗೆ, ಬಟ್ಟೆಸೋಪಿನ ಪಕ್ಕ ಇಡುತ್ತಾರೆ. ಬೇರೆಯವುಗಳ ಜೊತೆ ಬೆರೆಯಬಾರದು. ಏಣಿಯಲ್ಲಿ ನೀನೆಲ್ಲಿ? ಎರಡು. ಅವರೆಲ್ಲಿ? ಒಂಬತ್ತು. ನಿನ್ನನ್ನು ಮನೆಯವಳಂತೆ ನೋಡಿಕೊಳ್ಳುತ್ತಾರೆಯೇ? ‘ಹಾಗಂತ ಅವರು ಹೇಳುತ್ತಾರೆ.’

ಆ ಲೋಟ ನಮ್ಮದು. ಮಗಳು ಚಿಕ್ಕವಳಿದ್ದಾಗ ಬೀಳಿಸಿ ನೆಗ್ಗಿಸಿದ್ದು. ಹೇಳಿದವಳು ವಾಂಬುಯಿ, ಆರು ವರ್ಷದಿಂದ ನಮ್ಮ ಮನೆಯಲ್ಲಿದ್ದವಳು. ಮಗಳಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ವಾಂಬುಯಿಗೆ ಇಂಗ್ಲಿಷಿನಲ್ಲಿ ಹೇಳಿದರೆ “ಆಯ್ತು ಸಾರ್” ಎಂದು ಕನ್ನಡದಲ್ಲಿ ಬರುತ್ತಿತ್ತು. ಅದನ್ನು ನಾವು ನೆಂಟರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಅವಳಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ ಎಂದರೆ ಏನೆಲ್ಲ ತಿಳಿದಿರುತ್ತದೆ ಎಂದು ಯೋಚಿಸಿರಲಿಲ್ಲ.

ನನಗೆ ಆಗ ಆದದ್ದು ನಾಚಿಕೆ ಎಂದುಕೊಂಡಿದ್ದೆ. ಅಲ್ಲ, ಒಂಬತ್ತು ಎಂದದ್ದಕ್ಕೆ ಬಂದ ಉರಿ. ಉರಿಯನ್ನೇ ಒಳ್ಳೆಯತನವೆಂದು ತಿಳಿದು ಮಾರನೆಯ ದಿನ ಅಂಗಡಿಗೆ ಹೋಗಿ ಹೂವಿನ ಚಿತ್ರದ ಪಿಂಗಾಣಿ ಕಪ್ಪೊಂದನ್ನು ತಂದೆ. ಅಡುಗೆಮನೆಗೆ ಹೋಗಿ, “ವಾಂಬುಯಿ, ಇನ್ಮೇಲೆ ಆ ಹಳೇ ಲೋಟ ಬೇಡ. ಇದು ನಿಂದು. ನಮ್ಮ ಕಪ್ಪುಗಳ ಜೊತೆಗೇ ಇಡು” ಎಂದೆ. ಬೀಗುತ್ತ ನಿಂತಿದ್ದೆ, ಹೇಳಲು ಈಗ ಹೇಸಿಗೆಯಾಗುತ್ತದೆ. ಅವಳು ಕಪ್ಪನ್ನು ನೋಡಿದಳು. ಕಿಟಕಿಯನ್ನು ನೋಡಿದಳು. ಆಮೇಲೆ ನನ್ನನ್ನು.

“ಸವಾ” ಎಂದಳು.

ನಾನು ಹತ್ತು ಎಣಿಸಲಿಲ್ಲ. ಆಫೀಸಿಗೆ ಹೊತ್ತಾಗಿತ್ತು.

ಸೋಮವಾರ ಅವಳು ಬರಲಿಲ್ಲ. ಕಪ್ಪು ತೊಳೆದು ಬೋರಲು ಹಾಕಿದ ಹಾಗೇ ಇತ್ತು. ಹೆಂಡತಿ ಸುಮಾ, “ಇಷ್ಟೆಲ್ಲಾ ಮಾಡಿದ್ರೂ ಹೇಳದೆ ಕೇಳದೆ ಹೋದ್ಳು ನೋಡ್ರೀ” ಎಂದು ನೊಂದುಕೊಂಡಳು. ಬೇರೆ ಕಡೆ ಜಾಸ್ತಿ ಸಂಬಳ ಸಿಕ್ಕಿರಬೇಕು ಎಂದೆ. ವಾರದೊಳಗೆ ತರಕಾರಿ ಅಂಗಡಿಯ ಹತ್ತಿರ ಮಾತು ಹಬ್ಬಿತ್ತು: ಮ್ವಾಲಿಮು ಬರೆದುಕೊಂಡ ಕಾಗದ ಮಾತಾಡುತ್ತದೆ. ಮ್ವಾಲಿಮು ಎಂದರೆ ಮೇಷ್ಟ್ರು, ಅವರೆಲ್ಲ ಮೇಡಮ್ಮನ್ನು ಕರೆಯುತ್ತಿದ್ದದ್ದೇ ಹಾಗೆ. ಹೆಂಗಸರು ಫ್ಲಾಟಿಗೆ ಹೋಗಿ ನಮ್ಮ ಕಾಗದ ಕೊಟ್ಟುಬಿಡಿ ಎಂದರಂತೆ.

ಮೇಡಂ ನನಗೆ ಫೋನ್ ಮಾಡಿದರು. “ಭಾನುವಾರ ಕಾರ್ ತಗೊಂಡು ಬರ್ತೀಯೇನಯ್ಯ? ನಂಗೆ ಕಣ್ಣು ಇನ್ನೂ ಸರಿಯಿಲ್ಲ.” ಹೋದೆ. ಗೇಟಿನಿಂದ ಗೇಟಿಗೆ, ಓಣಿಯಿಂದ ಓಣಿಗೆ ಹೋದೆವು. ಪ್ರತಿಯೊಬ್ಬಳೆದುರೂ ಕಪ್ಪು ಕನ್ನಡಕ ತೆಗೆದು, “ಸಮಹಾನಿ” ಎಂದು ಕ್ಷಮೆ ಕೇಳಿ, ಕಣ್ಣಿನ ಗಲಾಟೆಯಲ್ಲಿ ಕಾಗದಗಳನ್ನು ಜೋಪಾನ ಮಾಡಲಿಲ್ಲ, ತಪ್ಪು ನನ್ನದು ಎಂದು, ಹೆಸರಿಲ್ಲದಿದ್ದರೂ ನೆನಪಿನಿಂದಲೇ ಗುರುತಿಸಿ, ಅವಳ ಕಾಗದವನ್ನು ಅವಳೆದುರೇ ಹರಿದರು. ಅರವತ್ತೆಂಟು ವರ್ಷದ ಪ್ರೊಫೆಸರು ಇಪ್ಪತ್ತೈದು ಸಲ ತಲೆಬಗ್ಗಿಸಿದ್ದನ್ನು ನಾನು ಸ್ಟೀರಿಂಗ್ ಹಿಡಿದು ಕೂತು ನೋಡಿದೆ. ಇಪ್ಪತ್ತೈದು ಸಲ ಬಾಯಿ ತೆರೆಯಬಹುದಿತ್ತು. ಎ.ಸಿ. ಸ್ವಲ್ಪ ಜಾಸ್ತಿ ಮಾಡಲಾ ಮೇಡಂ ಎಂದು ಕೇಳಿದೆ.

ಆ ಅಧ್ಯಯನ ಅಲ್ಲಿಗೇ ಮುಗಿಯಿತು. ಎರಡು ತಿಂಗಳಲ್ಲಿ ಅವರು ಫ್ಲಾಟು ಖಾಲಿ ಮಾಡಿ, ಹಳೆಯ ಶಿಷ್ಯೆಯೊಬ್ಬಳು ಪಾಠ ಮಾಡುತ್ತಿದ್ದ, ಹಳೆಯ ಸೋವಿಯತ್ ನಾಡಿನ ಅಲ್ಮಾಟಿಗೆ ಹೊರಟರು. “ಅಲ್ಲಿ ನನ್ನ ಮಾತು ನಂಬೋರು ಇನ್ನೂ ನಾಲ್ಕು ಜನ ಇದಾರೆ ಕಣಯ್ಯ.” ಕೊನೆಯ ದಿನ ನಾನು ಹೋದಾಗ ಮನೆ ತುಂಬ ರಟ್ಟಿನ ಡಬ್ಬ. ಕಪ್ಪುಗಳಿಗೆ ಹಳೆಯ ಸೀರೆ ಸುತ್ತುತ್ತಿದ್ದರು. ಒಂದನ್ನು ಬಿಚ್ಚಿ ನನಗೆ ಚಹಾ ಕೊಟ್ಟರು. ಆಮೇಲೆ ಬಟ್ಟೆಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟರು.

“ಇದೊಂದು ಉಳೀತು. ಯಾರದು ಅಂತ ನಿಂಗೆ ಗೊತ್ತಲ್ಲ. ತಲುಪಿಸಿಬಿಡು.”

ಹದಿನೇಳನೆಯದು. ಅವರಿಗೆ ಎಲ್ಲ ಗೊತ್ತಿತ್ತು. ಆ ಭಾನುವಾರ, ಕಾರಿನಲ್ಲಿ ನನ್ನ ಪಕ್ಕ ಕೂತಿದ್ದಾಗಲೂ ಗೊತ್ತಿತ್ತು.

“ಹೇಗಿದೀಯ ಶ್ರೀಧರ?” ಎಂದರು.

“ಪರವಾಗಿಲ್ಲ ಮೇಡಂ.”

ಅವರ ಹೆಬ್ಬೆರಳು ಚಲಿಸತೊಡಗಿತು. ನಾನು ಅದನ್ನೇ ನೋಡುತ್ತಿದ್ದೆ. ತೋರುಬೆರಳು ಮುಗಿದು ನಡುಬೆರಳಿಗೆ ಹೋಯಿತು, ಅಲ್ಲಿಂದ ಉಂಗುರಬೆರಳಿಗೆ. ಎಂಟರವರೆಗೆ ತಪ್ಪು ನನ್ನದು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹತ್ತು ಮುಗಿದಾಗ ಅವರು ಮುಷ್ಟಿ ಮುಚ್ಚಿಕೊಂಡು ಕೇಳಿದರು: “ನಮ್ಮ ಫಾರಮ್ಮಲ್ಲಿ ಗೊತ್ತಿಲ್ಲ ಅನ್ನೋರಿಗೊಂದು ಕಾಲಮ್ಮು, ಹೇಳಲ್ಲ ಅನ್ನೋರಿಗೊಂದು. ನಿನ್ನನ್ನ ಯಾವುದಕ್ಕೆ ಹಾಕ್ಲೋ?” ದನಿಯಲ್ಲಿ ಕೋಪವಿರಲಿಲ್ಲ. ನಾನು ನಕ್ಕು, ಡಬ್ಬಗಳನ್ನು ಕೆಳಗಿಳಿಸಲು ಎದ್ದೆ.

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ನಮ್ಮ ಸಂಘದ ವಾಟ್ಸಾಪಿನಲ್ಲಿ ಒಂದರ ಕೆಳಗೊಂದು ಓಂ ಶಾಂತಿ ಬಂದವು. ನಾನೂ ಹಾಕಿದೆ.

ಹೋದ ಭಾನುವಾರ ಮಗಳನ್ನು ಬರ್ತ್‌ಡೇ ಪಾರ್ಟಿಗೆ ಬಿಡಲು ಲಂಗಾಟಾದ ಡಾಕ್ಟರ ಮನೆಗೆ ಹೋಗಿದ್ದೆ. ಗೇಟು ತೆರೆದವಳು ವಾಂಬುಯಿ. ಮಗಳು “ಆಂಟೀ!” ಎಂದು ಅವಳನ್ನು ತಬ್ಬಿಕೊಂಡು ಒಳಗೆ ಓಡಿದಳು. ನಾವಿಬ್ಬರೇ ಉಳಿದೆವು. “ಚೆನ್ನಾಗಿದೀಯಾ?” ಎಂದೆ. “ಸವಾ ಸಾರ್” ಎಂದಳು. ಅದು ಹೇಗೋ, ನನ್ನ ಹೆಬ್ಬೆರಳು ಗಿಣ್ಣಿನ ಮೇಲೆ ಹೋಗಿತ್ತು. ಮೂರೋ ನಾಲ್ಕೋ ಎಣಿಸಿರಬೇಕು.

“ನನ್ನ ಪೇಪರ್ ತಂದಿದೀರಾ ಸಾರ್?”

ನಾನು ಬೆಚ್ಚಿದ್ದನ್ನು ನೋಡಿ ಅವಳೇ ಹೇಳಿದಳು. “ಮ್ವಾಲಿಮು ಹೋಗೋ ಮುಂಚೆ ನನ್ನ ಹುಡುಕ್ಕೊಂಡು ಬಂದಿದ್ರು. ಮಟಾಟು ವ್ಯಾನಲ್ಲಿ, ಒಬ್ರೇ. ನಿನ್ನ ಪೇಪರ್ ಸಾರ್ ಹತ್ರ ಕೊಡ್ತೀನಿ, ಅವ್ರೇ ತಂದು ಕೊಟ್ಟು ಸಾರಿ ಕೇಳ್ತಾರೆ, ಸ್ವಲ್ಪ ವೇಟ್ ಮಾಡು ಅಂದ್ರು. ಅವನು ಒಳ್ಳೇವ್ನು, ನಿಧಾನ ಅಷ್ಟೆ ಅಂದ್ರು.”

ಅದಾಗಿ ಒಂದೂವರೆ ವರ್ಷ. ಕಾಗದ ನಮ್ಮ ಮನೆಯ ಡ್ರಾಯರಿನಲ್ಲಿ, ಹಳೆಯ ಪಾಸ್‌ಪೋರ್ಟುಗಳ ಕೆಳಗಿತ್ತು. “ಇವತ್ತು ತಂದಿಲ್ಲ. ನಾಳೆ ಖಂಡಿತ ತರ್ತೀನಿ” ಎಂದೆ.

“ಸವಾ” ಎಂದು ವಾಂಬುಯಿ ಗೇಟು ಹಾಕಿಕೊಂಡಳು.

ಕಾಗದವನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮೇಡಂ ಕೈಬರಹ, ದುಂಡಗೆ, ಸಾಲು ತಪ್ಪದೆ ಇದೆ. ಇವತ್ತು ಗುರುವಾರ.