ವಿಮಾನದ ಹೊಟ್ಟೆಯ ಫಿರಂಗಿ

ಟ್ಯಾಂಕಿನೊಳಗೆ ಸಿಕ್ಕಿಬಿದ್ದ ಮನುಷ್ಯ ಹೇಗೆ ಸಾಯುತ್ತಾನೆ ಎಂದು ಪಯಸ್ ಕ್ರಾಸ್ತಾ ನನಗೆ ವಿವರಿಸಿದ್ದು ಕಾರಿಡಾರಿನಲ್ಲಿ ದೂರ ದೂರ ಕೂತು, ಮಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ ರೊಟ್ಟಿ ತಿನ್ನುವಾಗ. ಮಲೇಷ್ಯಾದ ಸೈಬರ್‌ಜಯಾದಲ್ಲಿ ನಮ್ಮಿಬ್ಬರ ಮನೆ ಒಂದೇ ಮಹಡಿಯಲ್ಲಿ, ಕೆಲಸ ಒಂದೇ ಗೇಮ್ ಕಂಪನಿಯಲ್ಲಿ. ನಾನು ಮೈಸೂರಿನ ನಾಣಿ, ಕೋಡ್ ಬರೆಯುವವನು. ಅವನು ಮಂಗಳೂರಿನವನು, ಗೇಮಿಗೆ ಸದ್ದು ಕೂರಿಸುವವನು.

"ಗುಂಡು ಒಳಗೆ ಹೋಗ್ತದೆ ಮಾರಾಯ, ಹೊರಗೆ ಬರುದಿಲ್ಲ. ಕಬ್ಬಿಣದ ಚೂರು, ಬೆಂಕಿ, ಒಳಗೆ ಐದು ಜನ. ಬಾಗಿಲು ತೆಗೀಲಿಕ್ಕೆ ಕೈಯೇ ಇರುದಿಲ್ಲ."

"ತಿನ್ನೋದಕ್ಕಾದ್ರೂ ಬಿಡೋ," ಎಂದೆ.

ಅದು ಲಾಕ್‌ಡೌನಿನ ಎರಡನೇ ವರ್ಷ. ನಮ್ಮ ಹೊಸ ಗೇಮಿನಲ್ಲಿ ಎರಡನೇ ಮಹಾಯುದ್ಧದ ಒಂದು ವಿಮಾನ, ಅದರ ಹೊಟ್ಟೆಯಡಿ ಟ್ಯಾಂಕ್ ಒಡೆಯುವ ಭಾರೀ ಫಿರಂಗಿ. ಹಾರಿಸಿದರೆ ವಿಮಾನವೇ ಗಾಳಿಯಲ್ಲಿ ತಡವರಿಸುತ್ತದೆ. ತೀರಾ ಕೆಳಗಿಳಿದು ಟ್ಯಾಂಕಿನ ತೆಳು ಬೆನ್ನಿಗೆ ಹೊಡೆಯಬೇಕು. ಇಂಥದ್ದನ್ನು ಕೂತು ಯೋಚಿಸಿ ಕಟ್ಟಿದವರೂ ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿ ಉಂಡಿದ್ದರಲ್ಲ ಎಂದರೆ ನನಗೆ ಮೈ ಉರಿಯುತ್ತದೆ.

ಆ ಫಿರಂಗಿಯ ಸದ್ದು ಪಯಸ್‌ನ ಪಾಲಿಗೆ ಬಂತು. ಪಾರ್ಕಿಂಗಿನಲ್ಲಿ ಖಾಲಿ ಗ್ಯಾಸ್ ಸಿಲಿಂಡರ್ ಉರುಳಿಸಿದ, ಗೇಟಿಗೆ ಸುತ್ತಿಗೆಯಿಂದ ಬಡಿದ, ಗಾರ್ಡ್ ಕೈಯಲ್ಲಿ ಬೈಸಿಕೊಂಡ. ಬಾಸ್ ಡೆರಿಕ್ ಲೋ ಮಾತಿನ ಬಾಲಕ್ಕೆ ಅಲ್ಲಿಯವರ 'ಲಾ' ಸೇರಿಸಿ ಪ್ರತಿಸಲವೂ ಅದೇ ರಾಗ ಎಳೆದ: "ಡಬ್ಬಾ ಸೌಂಡ್ ಲಾ. ಭಯಾನೇ ಆಗಲ್ಲ." ಶುಕ್ರವಾರದೊಳಗೆ ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದ. ಕೆಲಸ ಹೋದರೆ ವೀಸಾ ಹೋಯಿತು. ಹೆಂಡತಿ ಲೊರೆಟ್ಟಾ, ಮಗಳು ನಟಾಶಾ ಇಬ್ಬರನ್ನೂ ಕಟ್ಟಿಕೊಂಡು, ವಿಮಾನವೇ ಸಿಗದ ಆ ಕಾಲದಲ್ಲಿ ಅವನು ಹೋಗುವುದಾದರೂ ಎಲ್ಲಿಗೆ?

ಪಯಸ್ ಬಳಿ ಒಂದು ಹಳೆಯ ರೆಕಾರ್ಡಿಂಗ್ ಇತ್ತು. ಅದರ ಕತೆಯನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಅವರ ಇಗರ್ಜಿಯ ಹಬ್ಬಕ್ಕೆ ಗರ್ನಾಲು ಹೊಡೆಯುತ್ತಾರೆ. ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ ಮದ್ದು ಜಡಿದು ಬೆಂಕಿ ಕೊಡುವುದು. ಸಿಡಿಯದ ಗರ್ನಾಲಿಗೆ ದೂರದಿಂದ ನೀರು ಎರಚಿ ಬಿಟ್ಟುಬಿಡಬೇಕೆಂದು ಅಲ್ಲಿ ಎಲ್ಲರಿಗೂ ಗೊತ್ತು. ಒಂದು ಹಬ್ಬದಲ್ಲಿ ಅವನ ತಮ್ಮ ಆಲನ್ ಬಗ್ಗಿ ನೋಡಿದ. ಮುಖ ಹೋಯಿತು, ಸಂಜೆಯೊಳಗೆ ಜೀವವೂ ಹೋಯಿತು. ಪಯಸ್ ಗರ್ನಾಲಿನ ಸದ್ದು ತುಂಬಿಸಿಕೊಳ್ಳಲು ಟೇಪ್ ರೆಕಾರ್ಡರ್ ಹಿಡಿದು ಅಲ್ಲೇ ನಿಂತಿದ್ದ. ತಡೆಯಲು ಬಾಯೇ ಏಳಲಿಲ್ಲ.

ಗುರುವಾರ ಬೇರೆ ದಾರಿ ಕಾಣದೆ ಆ ಸದ್ದನ್ನೇ ತೆಗೆದ. ಸ್ಫೋಟದ ಬಾಲವನ್ನು, ಅಂದರೆ ಅದರ ಹಿಂದೆ ಉಳಿಯುವ ಮೊರೆತವನ್ನು, ಕತ್ತರಿಸಬಾರದು, ಅದು ತಾನಾಗಿ ಆರಬೇಕು ಎಂಬುದು ಸದ್ದಿನವರ ಅಭ್ಯಾಸ. ಧಡಾರ್ ಎಂದ ಕೂಡಲೇ ಹೆಡ್‌ಫೋನ್ ಕಿತ್ತು, ಮುಂದಿನದನ್ನು ಕೇಳುವ ಧೈರ್ಯವಿಲ್ಲದೆ, ಇಡೀ ಫೈಲನ್ನು ಹಾಗೇ ಕಳಿಸಿಬಿಟ್ಟ.

ಮರುದಿನ ಬೆಳಿಗ್ಗೆ ಆನ್‌ಲೈನ್ ಮೀಟಿಂಗಿನಲ್ಲಿ ಡೆರಿಕ್ ಗೇಮಿನ ವಿಮಾನವನ್ನು ಕೆಳಗಿಳಿಸಿ ಟ್ಯಾಂಕಿಗೆ ಹೊಡೆದ. ನಮ್ಮೆಲ್ಲರ ಎದೆ ಅದುರಿತು. ಉರಿಯುವ ಟ್ಯಾಂಕಿನೊಳಗಿಂದ ಒಬ್ಬ ಹುಡುಗ ಕಿರುಚಿದ. ಅಂಥ ಕಿರುಚಾಟವನ್ನು ನಾನು ಎಂದೂ ಕೇಳಿರಲಿಲ್ಲ, ಇನ್ನು ಕೇಳುವುದೂ ಬೇಡ.

"ಸೂಪರ್ ಲಾ! ಆ್ಯಕ್ಟರ್ ಯಾರು? ಇನ್ನೆರಡು ಟೇಕ್ ಕೊಡ್ತಾನಾ?" ಎಂದ ಡೆರಿಕ್.

ಪರದೆಯಲ್ಲಿ ಪಯಸ್‌ನ ಮುಖ ಬಿಳಿಚಿಕೊಂಡಿತ್ತು. "ಸ್ಫೋಟ ಇರ್ಲಿ. ಆ ಕೂಗು ತೆಗೀರಿ. ಸಂಜೆಯೊಳಗೆ ಬೇರೆ ಕೊಡ್ತೇನೆ."

"ಇದಕ್ಕಿಂತ ಕಮ್ಮಿ ಇದ್ರೆ ಇದೇ ಇರತ್ತೆ."

ಮಧ್ಯಾಹ್ನ ಪಯಸ್‌ನ ಮನೆಯಿಂದ ಬಂದ ಕೂಗಿಗೆ ನಾನು ಚಪ್ಪಲಿಯೂ ಇಲ್ಲದೆ ಓಡಿದೆ. ಲೊರೆಟ್ಟಾ ಅಳುತ್ತಲೇ ಬಾಗಿಲು ತೆರೆದಳು. ನಟಾಶಾ ಕಿವಿ ಮುಚ್ಚಿಕೊಂಡು, "ಪಪ್ಪಾ ಈಸ್ ರೆಕಾರ್ಡಿಂಗ್, ಅಂಕಲ್," ಎಂದಳು. ಬಟ್ಟೆಯ ಕಪಾಟಿನೊಳಗೆ, ಕಂಬಳಿಗಳ ನಡುವೆ ಮೈಕ್ ಇಟ್ಟುಕೊಂಡು ಪಯಸ್ ಕೊಂಕಣಿಯಲ್ಲಿ ಒಂದೇ ಮಾತು ಅರಚುತ್ತಿದ್ದ: ಆಲನ್, ಬಗ್ಗಬೇಡ! ಗಂಟಲು ಹರಿದು ಉಗುಳಿನಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ.

ಡೆರಿಕ್ ಒಪ್ಪಿದ. ಹುಡುಗನ ಕಿರುಚಾಟ ಅಳಿಸಿಹೋಯಿತು, ಪಯಸ್‌ನ ಕೆಲಸ ಉಳಿಯಿತು.

ಗೇಮನ್ನು ಈಗ ಎಲ್ಲೆಲ್ಲೋ ಆಡುತ್ತಾರೆ. ಪ್ರತಿ ಟ್ಯಾಂಕಿನಲ್ಲೂ ಪಯಸ್ ತಮ್ಮನನ್ನು ಕೂಗಿ ಎಚ್ಚರಿಸುತ್ತಾನೆ, ಗುಂಡು ಬಿದ್ದ ಮೇಲೆ.