ಟರ್ಬೊ ತಣಿಯುವವರೆಗೆ

ನಿಮ್ಮ ತಾತನ ಕೈಬೆರಳುಗಳು ಉದ್ದವಾಗಿದ್ದವು. ಉಗುರುಗಳಲ್ಲಿ ಒಂದು ದಿನವೂ ಕೊಳೆ ಕಂಡಿದ್ದಿಲ್ಲ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾರಿನ ಕೀ ಹಿಡಿದಿರುತ್ತಿದ್ದರು, ಆದರೆ ತಿರುಗಿಸುತ್ತಿರಲಿಲ್ಲ. ಕಾರು ಮನೆಯ ಮುಂದೆ ಬಂದು ನಿಂತಾಗಿರುತ್ತಿತ್ತು. ಇಂಜಿನ್ ಮಾತ್ರ ಗುರುಗುಟ್ಟುತ್ತಲೇ ಇರುತ್ತಿತ್ತು. ನನ್ನ ಕೈ ಬಾಗಿಲಿನ ಹಿಡಿಯ ಮೇಲೆ, ನನ್ನ ಕಣ್ಣು ಆ ಎರಡು ಬೆರಳುಗಳ ಮೇಲೆ.

ಕಾರು ಪೂರ್ತಿ ನಿಲ್ಲುವ ಮೊದಲೇ ನಾನು ಬೆಲ್ಟ್ ಬಿಚ್ಚುತ್ತೇನೆಂದು ನೀವಿಬ್ಬರೂ ನಗುತ್ತೀರಿ. ‘ಅಜ್ಜಿ ಈಸ್ ಎಸ್ಕೇಪಿಂಗ್!’ ಎಂದು ಮೊನ್ನೆ ಚಿಕ್ಕವಳು ಕೂಗಿದಳು. ನಾನೂ ನಕ್ಕೆ. ಏಕೆಂದು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮಪ್ಪ ಓದಿ ಹೇಳಲಿ. ಇದರಲ್ಲಿ ಅವನಿಗೂ ಗೊತ್ತಿಲ್ಲದ ಒಂದು ಮಾತಿದೆ.

ನಿಮಗೆ ನೆನಪಿರುವ ತಾತನೇ ಬೇರೆ. ನಿಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾರ್ನ್ ಒತ್ತಲು ಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ಅವರು ಒಳ್ಳೆಯ ಡಾಕ್ಟರು. ರೋಗಿಗಳು ಕ್ರಿಸ್‌ಮಸ್‌ಗೆ ಕಾರ್ಡು ಕಳಿಸುತ್ತಿದ್ದರು. ಅದೆಲ್ಲ ನಿಜ. ಅದರ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಿ.

ಆ ಕಾರು ಅವರ ಪ್ರಾಣ. ಅದಕ್ಕೆ ಟರ್ಬೊ ಇತ್ತು. ಟರ್ಬೊ ಎಂದರೇನೆಂದು ಮನೆಗೆ ಬಂದವರಿಗೆಲ್ಲ ಅವರು ವಿವರಿಸುತ್ತಿದ್ದರು, ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಇಂಜಿನ್ನಿನಿಂದ ಹೊರಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಗಾಳಿಯನ್ನು ಒಳಕ್ಕೆ ನೂಕುತ್ತದೆ, ಕಾರಿಗೆ ಬಲ ಬರುತ್ತದೆ. ಓಡಿ ಓಡಿ ಚಕ್ರ ಕೆಂಡದಂತೆ ಕಾಯುತ್ತದೆ. ಅದನ್ನು ಕಾಪಾಡುವುದು ಹರಿಯುವ ಆಯಿಲ್. ಬಂದ ಕೂಡಲೇ ಇಂಜಿನ್ ಆರಿಸಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ. ನಿಂತ ಆಯಿಲ್ ತಳ ಹಿಡಿದ ಪಾಯಸದ ಹಾಗೆ ಸೀದು ಅಂಟಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಇಂಜಿನ್ ಸುಮ್ಮನೆ ಓಡುತ್ತಿರಬೇಕು.

“ಟರ್ಬೊ ತಣೀಲಿ, ಕೂತ್ಕೋ,” ಎನ್ನುತ್ತಿದ್ದರು.

ಆಮೇಲೆ, “ಮೊದಲನೇದು,” ಎಂದು ಶುರು ಮಾಡುತ್ತಿದ್ದರು.

ಹೋಗಿದ್ದ ಮನೆಯಲ್ಲಿ ನಾನು ಮಾಡಿದ ತಪ್ಪುಗಳು ಒಂದೊಂದಾಗಿ ಬರುತ್ತಿದ್ದವು. ಸೋಫಾದ ಅಂಚಿನಲ್ಲಿ ಕೂತದ್ದು, ಚಮಚ ಬಿಟ್ಟು ಕೈಯಲ್ಲಿ ತಿಂದದ್ದು, ಡಾಕ್ಟರಮ್ಮನೊಬ್ಬರು ಏನೋ ಕೇಳಿದಾಗ ಬರೀ ತಲೆಯಾಡಿಸಿದ್ದು. ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನ ನಾಲಿಗೆಯದು. ನಾನು ಮಂಡ್ಯದ ಕಡೆಯ ಹಳ್ಳಿಯವಳು, ನಮ್ಮೂರ ಶಾಲೆಯಲ್ಲೇ ಓದಿದವಳು. ನಮ್ಮಲ್ಲಿ ಯಾರಿಗೂ ‘ಹ’ ಬರುತ್ತಿರಲಿಲ್ಲ. ಹಾಲು ನಮಗೆ ಆಲು, ಹೂವು ಊವು, ಹಳ್ಳಿ ಅಳ್ಳಿ. ನಮ್ಮ ಮೇಷ್ಟರೂ ‘ಅಳ್ಳಿ ಸ್ಕೂಲು’ ಎಂದೇ ಹೇಳುತ್ತಿದ್ದರು. ಮೈಸೂರಿನಲ್ಲಿ ಬೆಳೆದ ನಿಮ್ಮ ತಾತನಿಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಅವರಿಗೆ ಹೆದರಿ ನಾನು ಬೇಡದ ಕಡೆಯೆಲ್ಲ ಹಕಾರ ಸೇರಿಸತೊಡಗಿದೆ. ಅಕ್ಕಿ ರೊಟ್ಟಿ ‘ಹಕ್ಕಿ ರೊಟ್ಟಿ’ ಆಯಿತು.

ಒಂದು ಯುಗಾದಿಗೆ ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನಲ್ಲಿ ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಊಟವಿತ್ತು. ಹೋಳಿಗೆ ಬಡಿಸುತ್ತಿದ್ದವಳು ನಾನು. “ಆಲು ಆಕ್ಲಾ?” ಎಂದು ಕೇಳಿಬಿಟ್ಟೆ. ಧಾರವಾಡದ ಕಡೆಯ ಹೆಂಗಸೊಬ್ಬರು ನಕ್ಕು, “ಅಯ್ಯ ನಮ್ಮವ್ವ, ಹೋಳಿಗಿ ಜೋಡಿ ಆಲೂಗಡ್ಡಿ ಯಾಕ್ರಿ? ಹಾಲಿದ್ರ ಹಾಕ್ರಿ!” ಎಂದರು. ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ನನಗೂ ನಗು ಬಂತು. ನಿಮ್ಮ ತಾತ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ನಗು ಕೇಳಿದ ಕೂಡಲೇ ನಾನು ಹಾಲಿನ ಪಾತ್ರೆ ಕೆಳಗಿಟ್ಟೆ.

ಮನೆಯ ಮುಂದೆ ಕಾರು ನಿಂತಿತು.

“ಮೊದಲನೇದು. ಹಾಲು. ಹೇಳು.”

“ಆಲು.”

“ಹಾ. ಹಾಲು.”

“ಹಾ...ಲು.”

“ಹ ಅಂದ್ರೆ ಬರೀ ಉಸಿರು ಕಣೆ. ಉಸಿರು ಬಿಡೋಕೂ ಬರಲ್ವಾ ನಿನಗೆ? ದನ ಕೂಡ ಬಿಡುತ್ತೆ.”

ಕಾರಿನೊಳಗಿನ ಕನ್ನಡಿಗೆ ನನ್ನ ಬಾಯಿ ಹತ್ತಿರ ತರಿಸಿ ಹೇಳಿಸುತ್ತಿದ್ದರು. ಹಕಾರ ಸರಿಯಾಗಿ ಬಂದರೆ ಗಾಜಿನ ಮೇಲೆ ಮಂಜು ಮೂಡಬೇಕು. ಮೂಡಿದರೆ ಕೀ ತಿರುಗುತ್ತಿತ್ತು.

ನಮ್ಮ ಗ್ರೀನ್‌ಫರ್ಡ್ ಮನೆಯ ಪಕ್ಕದಲ್ಲಿ ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಒಬ್ಬ ಮುದುಕ ಇದ್ದ. ಅವನು ಹಲೋ ಎನ್ನಲು ‘ಅಲೋ’ ಎನ್ನುತ್ತಿದ್ದ, ಹೌಸ್ ಎನ್ನಲು ‘ಔಸ್’. ಇಂಗ್ಲಿಷರಲ್ಲೂ ನಮ್ಮೂರವರಿದ್ದಾರಲ್ಲ ಎಂದು ನನಗೆ ಖುಷಿಯಾಗಿ, ಒಂದು ದಿನ ಕಾರಿನಲ್ಲಿ ಅದನ್ನು ಹೇಳಿದೆ. ನಿಮ್ಮ ತಾತ ನನ್ನ ಕಡೆ ತಿರುಗಲೂ ಇಲ್ಲ. “ಅವನು ಅವನ ಊರಲ್ಲಿದ್ದಾನೆ,” ಎಂದರು.

ನೀವಿಬ್ಬರು ಹಿಂದಿನ ಸೀಟಿನಲ್ಲಿದ್ದ ದಿನ ಮಾತ್ರ ಕಾರು ನಿಂತ ಕೂಡಲೇ ಕೀ ತಿರುಗುತ್ತಿತ್ತು. ಟರ್ಬೊ ತಣಿಯಬೇಕಿರಲಿಲ್ಲ. ನಾನು ಅದನ್ನು ಬಹಳ ದಿನ ಗಮನಿಸಿರಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ನನಗೆ ಮೂತ್ರ ತಡೆಯಲು ಆಗುತ್ತಿರಲಿಲ್ಲ. ಅವರು ಡಾಕ್ಟರು, ಅವರಿಗೆ ಹೇಳಿಕೊಡಬೇಕಿರಲಿಲ್ಲ. ಬೇರೆಯವರ ಮನೆಯಲ್ಲಿ ಬಾತ್‌ರೂಮ್ ಕೇಳಲು ನನಗೆ ಸಂಕೋಚ, ಮನೆಗೆ ಬಂದು ಹೋಗೋಣವೆಂದು ಕಾಯುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಈಸ್ಟ್ ಹ್ಯಾಮಿಗೆ ಸಾಮಾನು ತರಲು ಹೋಗಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಬಹಳ ತಡವಾಗಿ ಬಂದೆವು. ಆಗ ನಿಮ್ಮಪ್ಪ ಒಬ್ಬನೇ ರಜೆಗೆ ನಮ್ಮ ಮನೆಗೆ ಬಂದಿದ್ದ.

“ರೀ, ಅರ್ಜೆಂಟು,” ಎಂದೆ.

“ಕೂತ್ಕೋ. ಅಂಗಡಿಯವನ ಹತ್ರ ಏನಂದೆ? ‘ಉಣ್ಸೆಣ್ಣು’. ಹೇಳು, ಹುಣಸೆಹಣ್ಣು.”

“ಹು...”

“ಪೂರ್ತಿ.”

ಕೀ ತಿರುಗುವ ಹೊತ್ತಿಗೆ ತಡೆಯಲು ನನ್ನಿಂದ ಆಗಲಿಲ್ಲ. ಇಳಿದು ಓಡಿದೆ. ಹೊಸಿಲು ತಲುಪುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಬಾಗಿಲು ತೆಗೆದ ನಿಮ್ಮಪ್ಪ ಒಮ್ಮೆ ನೋಡಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ನಿಮ್ಮ ತಾತ ಚೀಲಗಳನ್ನು ಎತ್ತಿಕೊಂಡು ನಿಧಾನವಾಗಿ ಬಂದು, “ಸೀಟ್ ಒರೆಸಿಬಿಡು,” ಎಂದರು.

ಸಂಜೆ ಕಾಫಿ ಕುಡಿಯುವಾಗ ನಿಮ್ಮಪ್ಪ ಮಾತು ತೆಗೆದ. ತಾಯಿಯ ಮಾನ ಹೋಗದ ಹಾಗೆ, ಕಾರಿನ ಮಾತಿನಂತೆಯೇ ಆಡಿದ.

“ಅಪ್ಪ, ಸಿಂಪಲ್ ಇದು. ಕಾರಿಗೆ ಒಂದು ಕೂಲ್‌ಡೌನ್ ಟೈಮರ್ ಹಾಕ್ಸಿಬಿಡೋಣ. ನೀವು ಕೀ ತಗೊಂಡು ಲಾಕ್ ಮಾಡ್ಕೊಂಡು ಬಂದ್ಬಿಡಿ. ಇಂಜಿನ್ ತಾನೇ ಸ್ವಲ್ಪ ಹೊತ್ತು ಓಡಿ, ತಾನೇ ಆಫ್ ಆಗುತ್ತೆ. ಅಮ್ಮ ಯಾಕೆ ಕೂತಿರ್ಬೇಕು?”

ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಅಂಥದ್ದೊಂದು ಪೆಟ್ಟಿಗೆ ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಆ ಕ್ಷಣದಲ್ಲಿ ಲಂಡನ್ನಿನಲ್ಲಿ ನನಗೆ ಬೇಕಾದ ವಸ್ತು ಅದೊಂದೇ ಆಗಿತ್ತು.

“ಖಾಲಿ ಕಾರು ಓಡ್ತಾ ನಿಂತಿದ್ರೆ ಕಳ್ಳರಿಗೆ ಹಬ್ಬ ಕಣೋ,” ಎಂದರು ನಿಮ್ಮ ತಾತ. “ರೋಡಲ್ಲಿ ಹಾಗೆ ಓಡ್ತಾ ನಿಂತಿದ್ರೆ ಕೌನ್ಸಿಲ್‌ನೋರು ಫೈನ್ ಹಾಕ್ತಾರೆ. ಇನ್ಶೂರೆನ್ಸ್‌ನೋರಿಗೆ ತಿಳಿಸ್ಬೇಕು. ವೈರ್ ಕತ್ತರಿಸ್ಬೇಕು.”

“ಹಾಗಾದ್ರೆ ಗ್ಯಾರೇಜ್ ಅಂಕಲ್‌ನ ಕೇಳೋಣ. ಅವರು ಬೇಕು ಅಂದ್ರೆ ಹಾಕ್ಸೋಣ, ಬೇಡ ಅಂದ್ರೆ ಬೇಡ.”

“ಆಗ್ಲಿ,” ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು.

ಗೋದಾಮುಗಳ ಹಿಂದಿದ್ದ ಆ ಗ್ಯಾರೇಜು ಉಡುಪಿ ಕಡೆಯ ಕ್ರಿಶ್ಚಿಯನ್ನರೊಬ್ಬರದು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಅವರೂರಿನ ಕನ್ನಡ. ಮೂವರೂ ಹೋದೆವು. ನಾನು ಹೋಗುವ ಅಗತ್ಯವಿರಲಿಲ್ಲ, ಆದರೂ ಹೋದೆ. ಹೋಗುವಾಗ ಸುಮ್ಮನಿರಲಾರದೆ ದೇವರಿಗೆ ಹರಕೆ ಹೊತ್ತೆ, ಟೈಮರ್ ಬೇಕು ಎನ್ನಿಸಪ್ಪಾ ಎಂದು. ಮೋಟಾರು ಪೆಟ್ಟಿಗೆಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಗ್ಯಾರೇಜಿನವರು ಕೈ ಒರೆಸಿಕೊಳ್ಳುತ್ತ ಬಾನೆಟ್ ಎತ್ತಿದರು.

“ಟೈಮರಾ? ಎಂತಕ್ಕೆ ಮಾರಾಯ್ರೆ? ಅದು ಹಳೇ ಕಾಲದ ಗಾಡಿಗೆ, ಇಲ್ಲದಿದ್ರೆ ರೇಸು ಬಿಡುವವರಿಗೆ. ಇದಕ್ಕೆ ಟರ್ಬೊ ಸುತ್ತ ನೀರು ಉಂಟು, ಆಫ್ ಮಾಡಿದ ಮೇಲೂ ಓಡುವ ಕರೆಂಟಿನ ಪಂಪ್ ಉಂಟು. ಅದೇ ತಣಿಸ್ತದೆ. ಮನೆ ಹತ್ತಿರ ಬರುವಾಗ ಸ್ವಲ್ಪ ಮೆಲ್ಲ ಬಿಟ್ರೆ ಆಯ್ತು. ನೀವು ಮೆಲ್ಲ ಬಿಡುವವರೇ ಅಲ್ವಾ?”

“ಹಾಗಾದ್ರೆ ಸುಮ್ನೆ ಕೂತು ಕಾಯೋದೂ ಬೇಡ್ವಾ ಅಂಕಲ್?” ಎಂದ ನಿಮ್ಮಪ್ಪ.

“ಕೂತು ಎಂತ ಮಾಡುದು? ಪೆಟ್ರೋಲ್ ದಂಡ.” ಗ್ಯಾರೇಜಿನವರು ನಗುತ್ತ ನಿಮ್ಮ ತಾತನ ಕಡೆ ತಿರುಗಿದರು. “ಗಾಡಿ ತಗೊಂಡಾಗಲೇ ನಿಮಗೆ ಹೇಳಿದ್ದೆನಲ್ಲ ಡಾಕ್ಟ್ರೇ. ಮರೆತುಹೋಯ್ತಾ?”

“ವಯಸ್ಸಾಯ್ತಲ್ಲ,” ಎಂದು ನಿಮ್ಮ ತಾತನೂ ನಕ್ಕರು.

ನಿಮ್ಮಪ್ಪನ ಮುಖ ಅರಳಿತು. ತಾಯಿಯನ್ನು ಬಿಡಿಸಿಕೊಂಡೆ ಎಂದು ಅವನು ತಿಳಿದ. ನಾನೂ ಹಾಗೆಯೇ ತಿಳಿದೆ. ಹರಕೆಗಿಂತ ಹೆಚ್ಚೇ ಸಿಕ್ಕಿತಲ್ಲ, ಟೈಮರೂ ಬೇಡ, ಕೂರುವುದೂ ಬೇಡ. ದಾರಿಯುದ್ದಕ್ಕೂ ಅವನು ಹಿಂದೆ ಕೂತು ಸಿಳ್ಳೆ ಹಾಕುತ್ತಿದ್ದ. ಮನೆಯ ಮುಂದೆ ಕಾರು ನಿಂತಿತು. ಕೀ ಕೂಡಲೇ ತಿರುಗಿತು. ಇಂಜಿನ್ ಆರಿತು. ನಿಮ್ಮಪ್ಪ ಇಳಿದು ಒಳಗೆ ಹೋದ. ನಾನು ಬಾಗಿಲಿನ ಹಿಡಿ ಎಳೆದೆ.

“ಕೂತ್ಕೋ.”

“ಗಾಡಿಗೆ ಬೇಡ ಅಂದ್ರಲ್ಲ...”

“ಗಾಡಿಗೆ ಬೇಡ,” ಎಂದರು. “ನಿನಗೆ ಬೇಕು. ಮೊದಲನೇದು.”

ನಿಮ್ಮಪ್ಪನಿಗೆ ಗೊತ್ತಿಲ್ಲದ ಮಾತು ಇದೇ. ಅವನು ಓದುವಾಗ ನೊಂದುಕೊಳ್ಳುವುದು ಬೇಡ; ಅವನು ಒಳ್ಳೆಯದನ್ನೇ ಮಾಡಿದ.

ಅಂದಿನಿಂದ ಇಂಜಿನ್ ಆರಿಸಿಯೇ ಕೂರಿಸುತ್ತಿದ್ದರು. ಮೊದಲೆಲ್ಲ ಇಂಜಿನ್ ಓಡುತ್ತಿದ್ದುದರಿಂದ ಹೀಟರ್ ಇರುತ್ತಿತ್ತು, ಕಾಲಾದರೂ ಬೆಚ್ಚಗಿರುತ್ತಿತ್ತು. ಈಗ ಅದೂ ಹೋಯಿತು. ಜನವರಿ ತಿಂಗಳಲ್ಲಿ ತಣ್ಣನೆಯ ಸೀಟಿನಲ್ಲಿ ಕೂತು ಹಾಲು, ಹೂವು, ಹಣ್ಣು ಎನ್ನುತ್ತಿದ್ದೆ. ಗಾಜಿಗೆ ಮಂಜು ಬೇಗ ಮೂಡುತ್ತಿತ್ತು, ಆದರೆ ಈಗ ಅದರಿಂದ ಬಿಡುಗಡೆಯಾಗುತ್ತಿರಲಿಲ್ಲ. ತಿರುಗಬೇಕಾದ ಕೀ ಆಗಲೇ ತಿರುಗಿಯಾಗಿತ್ತಲ್ಲ. ಬಾನೆಟ್ಟಿನ ಕೆಳಗೆ ಆ ಪಂಪು ಗುಯ್ ಎನ್ನುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿ ಸುಮ್ಮನಾಗುತ್ತಿತ್ತು. ನಾವು ಕೂತೇ ಇರುತ್ತಿದ್ದೆವು. ಪೇಟೆಗೆ ಹೋಗುವ ದಿನ ಬೆಳಗಿನಿಂದ ನೀರು ಕುಡಿಯದೆ ಇರುವುದನ್ನು ನಾನು ಕಲಿತೆ.

ಹೀಗೇ ವರ್ಷಗಳು ಹೋದವು. ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಆ ಉದ್ದ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಮಾತು ಹೋಗಿ, ಸ್ವಲ್ಪ ಸ್ವಲ್ಪವಾಗಿ ಮರಳಿತು, ಆದರೆ ಇಂಗ್ಲಿಷ್ ಬರಲಿಲ್ಲ, ಮೈಸೂರಿನ ಕನ್ನಡವೂ ಬರಲಿಲ್ಲ. ಮಾತು ಕಲಿಸಲು ಮನೆಗೆ ಬರುತ್ತಿದ್ದ ಹುಡುಗಿ ನನಗೆ ನಿಧಾನವಾಗಿ ಹೇಳಿದಳು: ಅವರು ಏನು ಹೇಳಿದರೂ ತಿದ್ದಬೇಡಿ, ಮತ್ತೆ ಹೇಳಿಸಬೇಡಿ. ಅರ್ಥವಾದರೆ ಸಾಕು, ಹೂಂ ಎಂದು ಮುಂದಕ್ಕೆ ಹೋಗಿ. ತಿದ್ದಿದರೆ ಮನುಷ್ಯ ಕುಗ್ಗಿಹೋಗುತ್ತಾನೆ.

ಒಂದು ಬೆಳಗ್ಗೆ ಅವರು ಎಡಗೈ ಎತ್ತಿ ನನ್ನನ್ನು ಕರೆದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

“ಆಲು,” ಎಂದರು.

ಹಾಲು ಬಿಸಿ ಮಾಡಿ ತಂದೆ. ಅವರು ಕುಡಿಯಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ತಿದ್ದಲಿ ಎಂದು ಕಾಯುತ್ತಿದ್ದರು. ಆಮೇಲೆ ತಾವೇ ಶುರು ಮಾಡಿದರು. “ಆ... ಆ... ಆಲು.” ಕೊರಳ ನರಗಳು ಉಬ್ಬಿದವು. ಬರೀ ಉಸಿರು ಅದು, ಬರಲಿಲ್ಲ. “ಆಲು.”

“ಅರ್ಥ ಆಯ್ತು ಬುಡಿ,” ಎಂದೆ ನಾನು. “ಆಲು ತಾನೇ?”

ನಮ್ಮಮ್ಮ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಅವರ ಕಣ್ಣಿನಿಂದ ನೀರು ಇಳಿಯಿತು. ನಾನು ಅದನ್ನು ಒರೆಸಿ, ಲೋಟವನ್ನು ತುಟಿಗೆ ಹಿಡಿದೆ. ಅಂದಿನಿಂದ ಅವರು ಹಾಲು ಕೇಳಲಿಲ್ಲ. ಅವರು ಕೇಳದೆಯೇ ನಾನು ಹೊತ್ತು ಹೊತ್ತಿಗೆ ಕೊಡುತ್ತಿದ್ದೆ.

ಅವರ ಋಣ ನನ್ನ ಮೇಲಿಲ್ಲವೆಂದಲ್ಲ. ಇದನ್ನು ಓದುವಾಗ ನಿಮ್ಮಪ್ಪ ನೋಡಲಿ, ಒಂದು ಹಕಾರವೂ ತಪ್ಪಿಲ್ಲ. ನಾನು ಇಂಥ ಕನ್ನಡ ಬರೆಯಬಲ್ಲೆ ಎಂದರೆ ಅದು ಆ ಸೀಟಿನಲ್ಲಿ ಕಲಿತದ್ದು.

ಎರಡನೆಯ ಸ್ಟ್ರೋಕ್ ಬಂದಾಗ ಆಸ್ಪತ್ರೆಗೆ ಸೇರಿಸಿದೆವು. ನಿಮ್ಮಪ್ಪ ಕಾರು ಪಾರ್ಕ್ ಮಾಡಲು ಜಾಗ ಹುಡುಕುತ್ತಿದ್ದಾಗಲೇ ಅವರು ಹೋದರು. ಕೊನೆಯಲ್ಲಿ ಬಾಯಿ ತೆರೆದು ದೀರ್ಘವಾಗಿ ಒಂದು ಉಸಿರು ಬಿಟ್ಟರು. ಅದರಲ್ಲಿ ಹಕಾರ ಸ್ಪಷ್ಟವಾಗಿತ್ತು.

ನರ್ಸ್ ಒಳ್ಳೆಯ ಹುಡುಗಿ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, ನನ್ನ ಕೈಯನ್ನು ಅವರ ಕೈಯ ಮೇಲಿಟ್ಟು, ಇನ್ನೂ ಬೆಚ್ಚಗಿದ್ದಾರೆ, ನಿಮಗೆ ಬೇಕಾದಷ್ಟು ಹೊತ್ತು ಅವರ ಜೊತೆ ಕೂತಿರಿ ಎಂದಳು.

ಕೈ ನಿಜವಾಗಿಯೂ ಬೆಚ್ಚಗಿತ್ತು. ನಾನು ಕೈ ತೆಗೆದೆ. ಅವಳಿಗೆ ಥ್ಯಾಂಕ್ಸ್ ಹೇಳಿ, ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದೆ.