ಪ್ಯಾಕೆಟ್ಟಿಗೊಂದು ಒಗ್ಗರಣೆ

ಮೊದಲು ಹೋದದ್ದು ಕೂದಲು. ಆಮೇಲೆ ತೂಕ. ಆಮೇಲೆ ಭಾವಿಕೇರಿಯಿಂದ ಕಾರವಾರದ ಆಫೀಸಿನವರೆಗೆ ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ. ಹೊಟ್ಟೆ ಮಾತ್ರ ಯಾವಾಗಲೂ ಉಬ್ಬಿಕೊಂಡಿರುತ್ತಿತ್ತು. ಮದುವೆಯಾಗಿ ಹದಿನಾಲ್ಕು ವರ್ಷವಾದ ಮೇಲೆ ಏನಾದರೂ ವಿಶೇಷವೇ ಎಂದು ಅಕ್ಕಪಕ್ಕದವರು ಕೇಳಿದರು. ವಿಶೇಷ ಇರಲಿಲ್ಲ. ಲೂಸ್ ಮೋಷನ್ ಇತ್ತು.

ಹಿಮೋಗ್ಲೋಬಿನ್ ಏಳು.

ಒಂದು ವರ್ಷ ಐರನ್ ಮಾತ್ರೆ ನುಂಗಿದೆ. ಏಳು ಎಂಟಾಗಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಹೋದೆವು. ಎಂಡೋಸ್ಕೋಪಿ, ಬಯಾಪ್ಸಿ, ಟಿಟಿಜಿ ಎನ್ನುವ ರಕ್ತಪರೀಕ್ಷೆ. ಡಾಕ್ಟರು ರಿಪೋರ್ಟನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ಇದಕ್ಕ ಸೀಲಿಯಾಕ್ ಅಂತಾರ್ರೀ. ಗೋಧಿಯೊಳಗ ಗ್ಲುಟನ್ ಅಂತ ಇರತೈತಿ, ಅದು ನಿಮ್ಮ ಕರುಳಿಗೆ ಆಗಿ ಬರೂದಿಲ್ಲ. ಗೋಧಿ, ರವಾ, ಮೈದಾ, ಬಾರ್ಲಿ ಜೀವನಪೂರ್ತಿ ಬಂದ್. ಚೂರೂ ಇಲ್ಲ ಅಂದ್ರ ಇಲ್ಲ."

ಔಷಧಿ ಏನು ಎಂದು ಕೇಳಿದೆ.

"ಇದ ಔಷಧಿ," ಎಂದರು.

ಬಸ್ಸು ಅರಬೈಲ್ ಘಟ್ಟ ಇಳಿಯುವಾಗ ನನ್ನ ಗಂಡ ಸಮಾಧಾನ ಹೇಳಿದರು. ಅವರು ತೋಡೂರಿನ ಕಡೆ ಎಲೆಕ್ಟ್ರಿಶಿಯನ್; ಯಾವುದಕ್ಕೂ ಒಂದು ಬದಲಿ ತಂತಿ ಇದ್ದೇ ಇರುತ್ತದೆ ಎಂದು ನಂಬಿದವರು. "ನಾವು ಅನ್ನ ಉಣ್ಣೂ ಜನ. ಗೋಧಿ ಯಾರಿಗೆ ಬೇಕೆ?"

ಅನ್ನ, ಮೀನು ಸಾರು, ದೋಸೆ ಎಲ್ಲವೂ ಉಳಿದವು ನಿಜ. ಬಂಗಡೆಗೆ ರವೆಯ ಬದಲು ಅಕ್ಕಿ ಹಿಟ್ಟು ಹಚ್ಚಿದೆವು, ಕಾವಲಿಯನ್ನೂ ಬೇರೆ ಮಾಡಿದೆವು. ಬಡವಾದದ್ದು ಚಹಾ. ಬಿಸ್ಕೀಟಿಲ್ಲ, ಖಾರಿಯಿಲ್ಲ, ಬನ್ಸ್ ಇಲ್ಲ. ಆಫೀಸಿನಲ್ಲಿ ನಾಲ್ಕು ಗಂಟೆಗೆ ಎಲ್ಲರೂ ಏನನ್ನಾದರೂ ಚಹಾಕ್ಕೆ ಅದ್ದುವಾಗ ನಾನು ಬರೀ ಲೋಟ ಹಿಡಿದು ಕುಳಿತಿರುತ್ತಿದ್ದೆ. ಇಷ್ಟು ಸಣ್ಣ ವಿಷಯಕ್ಕೆ ಅಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಂತು.

ಗಂಡ ಫೋನಿನಲ್ಲಿ ಗ್ಲುಟನ್ ಇಲ್ಲದ ತಿಂಡಿಗಳನ್ನು ತರಿಸತೊಡಗಿದರು. ರಾಗಿ ಚಿಪ್ಸು, ಜೋಳದ ಪಫ್ಸು, ಸಜ್ಜೆ ಕುಕ್ಕೀಸು. ಪ್ರತಿ ಭಾನುವಾರ ಮಧ್ಯಾಹ್ನ ಒಂದು ಹೊಸ ಪ್ಯಾಕೆಟ್ ಒಡೆಯುವುದು, ಮೂವರೂ ತಿಂದು ಹತ್ತಕ್ಕೆ ಎಷ್ಟು ಮಾರ್ಕು ಎಂದು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆಯುವುದು. ಮೂರನೆಯವರು ನನ್ನ ಅತ್ತೆ. ಶೆಟಗೇರಿಯ ತವರು, ಎಪ್ಪತ್ತು ದಾಟಿದರೂ ಚುರುಕು ಬಾಯಿ. ಅವರು ಯಾವ ಪ್ಯಾಕೆಟ್ಟಿಗೂ ನಾಲ್ಕರ ಮೇಲೆ ಕೊಟ್ಟವರಲ್ಲ.

"ರಟ್ಟು," ಎನ್ನುವರು. "ಉಪ್ಪು ಹಾಕಿದ ರಟ್ಟು. ಸೊನ್ನೆ ಬರಿ."

ಇನ್ನೊಂದಕ್ಕೆ, "ಎಂತಾ ಸೂತಕದ ಊಟವೆ ಇದು? ಒಗ್ಗರಣೆನೇ ಕಾಣ್ಲಿಲ್ವಲ್ಲ!"

ಎರಡನೇ ತಿಂಗಳಿಗೆ ಅವರಿಗೆ ತಾಳಲಾಗಲಿಲ್ಲ. ಜೋಳದ ಪಫ್ಸನ್ನು ಕಸಿದುಕೊಂಡು ಒಳಗೆ ಹೋದರು. ತೆಂಗಿನೆಣ್ಣೆ, ಸಾಸಿವೆ, ಕರಿಬೇವು, ಒಣಮೆಣಸು, ಹಿಂಗು. ಬಾಣಲೆಯಲ್ಲಿ ಎರಡು ಸಲ ಮಗುಚಿ ತಂದಿಟ್ಟರು. ಅಯ್ಯೋ, ಎಷ್ಟು ರುಚಿ! ಕ್ಯಾಲೆಂಡರಿಗೆ ಮೊದಲ ಬಾರಿ ಎಂಟು ಬಿತ್ತು. ಅಂದಿನಿಂದ ಎಲ್ಲ ಪ್ಯಾಕೆಟ್ಟಿಗೂ ಒಗ್ಗರಣೆ. ಡಬ್ಬಿಗೆ ತುಂಬಿಸಿ ಆಫೀಸಿಗೂ ಕಟ್ಟಿಕೊಡುತ್ತಿದ್ದರು. ನನ್ನ ಚಹಾಕ್ಕೆ ಮತ್ತೆ ಜೊತೆ ಸಿಕ್ಕಿತು.

ಹೊಟ್ಟೆ ಮಾತ್ರ ಇಳಿಯಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಕುಳಿತಾಗಲೆಲ್ಲ ಅತ್ತೆ ಮಜ್ಜಿಗೆಗೆ ಹಿಂಗು ಕದಡಿ ತಂದರು. ನಮ್ಮಲ್ಲಿ ಹೊಟ್ಟೆನೋವಿಗೆ ಮೊದಲ ಮದ್ದು ಅದೇ. ಮಗುವಿಗೆ ಹೊಕ್ಕುಳ ಸುತ್ತ ಹಚ್ಚುತ್ತಾರೆ, ದೊಡ್ಡವರಿಗೆ ಮಜ್ಜಿಗೆಯಲ್ಲಿ ಕೊಡುತ್ತಾರೆ. ನೋವು ಹೆಚ್ಚಿದಷ್ಟೂ ಅವರು ಹಿಂಗು ಹೆಚ್ಚಿಸಿದರು.

ಆರು ತಿಂಗಳಿಗೆ ಮತ್ತೆ ಹುಬ್ಬಳ್ಳಿ. ಗೋಧಿ ಬಿಟ್ಟರೆ ಇಳಿಯಬೇಕಿದ್ದ ಟಿಟಿಜಿ ಇದ್ದಲ್ಲೇ ಇತ್ತು.

"ಕದ್ದು ತಿಂತೀರೇನ್ರೀ?" ಎಂದರು ಡಾಕ್ಟರು.

ನನಗೆ ಮೈಯೆಲ್ಲ ಉರಿಯಿತು. ಮದುವೆಮನೆಯ ಹೋಳಿಗೆ ಬಿಟ್ಟವಳು ನಾನು. ತಿಂದ ಪ್ಯಾಕೆಟ್ಟುಗಳ ಹೆಸರನ್ನೆಲ್ಲ ಪಟಪಟನೆ ಹೇಳಿದೆ. ಪ್ರತಿಯೊಂದರ ಬೆನ್ನೂ ನಾನು ಓದಿದ್ದೇ. ಅವರು ಸಾವಧಾನವಾಗಿ ಕೇಳಿಸಿಕೊಂಡರು.

"ಪ್ಯಾಕೆಟ್ ಓದೀರಿ, ಛಲೋ ಆತು. ಅಡಿಗಿಮನಿ ಡಬ್ಬಿ ಓದೀರೇನು?"

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೆ ಹೋದೆ. ಅರಿಶಿನ, ಮೆಣಸಿನ ಪುಡಿ, ಉಪ್ಪಿನಕಾಯಿ. ಆಮೇಲೆ ಒಲೆಯ ಪಕ್ಕದ ಪುಟ್ಟ ಡಬ್ಬಿ. ಅಕ್ಷರ ಸಣ್ಣದಿತ್ತು; ಕಿಟಕಿಯ ಹತ್ತಿರ ಹಿಡಿದು ಓದಿದೆ.

ಹಿಂಗಿನ ಡಬ್ಬಿಯಲ್ಲಿ ಹಿಂಗಿಗಿಂತ ಮೊದಲು ಗೋಧಿ ಹಿಟ್ಟಿನ ಹೆಸರಿತ್ತು.

"ಆರು ತಿಂಗಳಿಂದ ನೀವೇ ನಂಗೆ ವಿಷ ಹಾಕಿದ್ದು!" ಎಂದು ಕೂಗಿದೆ. ಹೌದು, ಹೀಗೇ ಕೂಗಿದೆ. ಬರೆಯುವಾಗ ಕಡಿಮೆ ಮಾಡಿ ಬರೆಯಬಹುದಿತ್ತು.

ಅತ್ತೆ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಹೊಟ್ಟೆಗೆ ಒಳ್ಳೇದು ಅಂದೇಳಿ ಹಾಕಿದ್ನೆ ಮಗಾ," ಎಂದರು. ಅಷ್ಟೇ. ಡಬ್ಬಿಯನ್ನು ತೆಂಗಿನ ಬುಡಕ್ಕೆ ಸುರಿದು ಬಂದರು. ಒಗ್ಗರಣೆ ಸೌಟನ್ನು ಬೂದಿ ಹಾಕಿ ತಿಕ್ಕಿ ಬಿಸಿಲಿಗಿಟ್ಟರು. ಮರುದಿನದಿಂದ ಅಡಿಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ.

ತಪ್ಪಾಯಿತು ಅತ್ತೆ ಎಂದೆ. "ಬಿಡೆ," ಎಂದರು. ಅವರು ಬಿಟ್ಟಿರಲಿಲ್ಲ. ಇಬ್ಬರೂ ಹಂಚಿಕೊಂಡಿದ್ದ ಕೆಲಸವೆಲ್ಲ ನನ್ನ ಮೇಲೆ ಬಿದ್ದಿತ್ತು, ಆದರೆ ಕಷ್ಟ ಅದಲ್ಲ. ಐವತ್ತು ವರ್ಷ ಮನೆಯವರ ಹೊಟ್ಟೆ ನೋಡಿಕೊಂಡ ಕೈಗೆ ತನ್ನ ಮೇಲೇ ಭಯ ಹುಟ್ಟಿತ್ತು. ಆ ಭಯ ಹುಟ್ಟಿಸಿದವಳು ನಾನು. ರೋಗ ನನ್ನದು, ಮದ್ದಿಲ್ಲದ ನೋವು ಅವರಿಗಾಯಿತು ಎಂದುಕೊಂಡೆ. ಆ ಭಾನುವಾರದ ಪ್ಯಾಕೆಟ್ಟಿಗೆ ಅವರು ಮಾರ್ಕೇ ಕೊಡಲಿಲ್ಲ. ಸೊನ್ನೆಯನ್ನೂ ಕೊಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆದರು. ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಟ್ಟುಕೊಂಡು ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

"ಒಂದೊಂದೇ ಓದೆ. ಪೂರಾ ಓದು. ನುಂಗಬೇಡ."

ಓದಿದೆ. ಎರಡು ಡಬ್ಬಿ ಹೊರಗೆ ಹೋದವು, ಉಳಿದವು ಒಳಗೆ. ಆಮೇಲೆ ಅಕ್ಕಿಯನ್ನು ಮನೆಯಲ್ಲೇ ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟು ಮಾಡಿದರು. ಗಿರಣಿಯಲ್ಲಿ ನಮಗಿಂತ ಮೊದಲು ಯಾರದೋ ಗೋಧಿ ಬೀಸಿರುತ್ತದಲ್ಲ, ಅದಕ್ಕೆ. ಹಿಂಗಿನ ಬದಲು ಬೆಳ್ಳುಳ್ಳಿ ಜಜ್ಜಿ ಹಾಕಿ ಚಕ್ಕುಲಿ ಒತ್ತಿದರು. ತಟ್ಟೆ ನನ್ನ ಮುಂದಿಟ್ಟು ಪೆನ್ನನ್ನೂ ಕೊಟ್ಟರು.

ತಿಂದೆ. ಒಂಬತ್ತು ಎಂದು ಬರೆದೆ.

"ಒಂದು ಎಂತಕೆ ಹಿಡದೆ?"

"ಹಿಂಗಿಲ್ಲ ಅಲ್ದಾ," ಎಂದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಇರ್ಲಿ. ಆ ಒಂದು ರಿಪೋರ್ಟ್ ಬಂದ್ಮೇಲೆ ಕೊಡು."

ರಿಪೋರ್ಟ್ ಹೋದ ವಾರ ಬಂತು. ಟಿಟಿಜಿ ಅರ್ಧಕ್ಕೂ ಕೆಳಗಿಳಿದಿದೆ. ಇರಬೇಕಾದಲ್ಲಿಗೆ ಇನ್ನೂ ಬಂದಿಲ್ಲ. ಕರುಳು ವಾಸಿಯಾಗಲು ವರ್ಷಗಳೇ ಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಬಸ್ಸಿನಲ್ಲಿ ನಿಂತು ಹೋಗುತ್ತೇನೆ. ಹಣೆಯ ಮೇಲೆ ಗಿಡ್ಡ ಗಿಡ್ಡ ಹೊಸ ಕೂದಲು ಬಂದಿವೆ, ಎಣ್ಣೆ ಹಾಕಿದರೂ ಕೂರುವುದಿಲ್ಲ.

ಮನೆಗೆ ಬಂದು ಕ್ಯಾಲೆಂಡರು ತೆಗೆದೆ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಬಂದು ನಿಂತರು. ಒಂಬತ್ತರ ಮುಂದೆ ಅರ್ಧ ಸೇರಿಸಿದೆ.

"ಇನ್ನರ್ಧ?"

"ಮುಂದಿನ ರಿಪೋರ್ಟಿಗೆ, ಅತ್ತೆ."

"ಹಾಂಗಾರೆ ಅಕ್ಕಿ ನೆನಸ್ತೆ," ಎಂದು ಅವರು ಹೊಸ್ತಿಲು ದಾಟಿ ಒಳಗೆ ಹೋದರು.